ಸೀಸ, ಉಪ್ಪು, ಮಳೆನೀರು: ಫಾಸ್ಜೆನೈಟ್ ಅಪರೂಪವಾದದ್ದು ಯಾಕೆ?

ಕಾಸರಗೋಡಿನ ಗುಡ್ಡಗಳಲ್ಲಿ ಫಾಸ್ಜೆನೈಟ್ ಎಂಬ ಖನಿಜ ಹುಡುಕಲು ಹೋಗಬೇಡಿ. ಹೇಳಿಕೊಳ್ಳುವಂಥ ಸೀಸದ ಅದಿರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಸೀಸ ಇಲ್ಲದೆ ಈ ಖನಿಜವೂ ಇಲ್ಲ. ಆದರೆ ಇದು ಹುಟ್ಟಲು ಬೇಕಾದ ಮೂರು ಸಾಮಾನುಗಳಲ್ಲಿ ಎರಡು ನಮ್ಮ ಕರಾವಳಿಯಲ್ಲಿ ಧಾರಾಳ ಇವೆ. ಒಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದ ನೀರು. ಇನ್ನೊಂದು, ಕಡಲಿನ ಉಪ್ಪಿನಲ್ಲಿರುವ ಕ್ಲೋರೈಡ್. ಮೂರನೆಯದಾದ ಸೀಸವೂ ಪ್ರಪಂಚದಲ್ಲಿ ಅಂಥ ದುರ್ಲಭ ಲೋಹವೇನಲ್ಲ. ವಾಹನದ ಬ್ಯಾಟರಿಯಲ್ಲಿದೆ, ಮೀನಿನ ಬಲೆಗೆ ಕಟ್ಟುವ ಗುಂಡಿನಲ್ಲಿದೆ. ಮೂರೂ ಸಾಮಾನ್ಯ ವಸ್ತುಗಳೇ. ಆದರೂ ಮೂರೂ ಸೇರಿ ಆಗುವ ಹರಳು ಮಾತ್ರ ಪ್ರಪಂಚದ ಕೆಲವೇ ಜಾಗಗಳಲ್ಲಿ ಸಿಗುತ್ತದೆ. ಯಾಕೆ ಹೀಗೆ ಎಂದು ತಿಳಿದರೆ, ಖನಿಜಗಳನ್ನು ಯಾವ ಲೆಕ್ಕದಲ್ಲಿ ಗುಂಪು ಮಾಡುತ್ತಾರೆ ಎಂಬುದೂ ಜೊತೆಗೇ ತಿಳಿಯುತ್ತದೆ.

ಮೊದಲು ಸೀಸದ ಅದಿರಿನ ಕಥೆ. ನೆಲದ ಆಳದಲ್ಲಿ ಸೀಸ ಸಾಮಾನ್ಯವಾಗಿ ಗಂಧಕದ ಜೊತೆ ಸೇರಿರುತ್ತದೆ. ಆ ಖನಿಜದ ಹೆಸರು ಗೆಲಿನಾ. ಬೂದಿ ಬಣ್ಣ, ಲೋಹದ ಹೊಳಪು, ಒಡೆದರೆ ಚೌಕ ಚೌಕ ತುಂಡು. ರಾಜಸ್ಥಾನದ ಜಾವರ್‌ನಲ್ಲಿ, ಆಂಧ್ರದ ಅಗ್ನಿಗುಂಡಾಲದಲ್ಲಿ ಇರುವುದು ಇದೇ. ಈ ಗೆಲಿನಾ ನೆಲದ ಮೇಲ್ಭಾಗಕ್ಕೆ ಹತ್ತಿರವಿದ್ದರೆ ಮಳೆನೀರು, ಗಾಳಿ ಅದನ್ನು ಸುಮ್ನೆ ಬಿಡುವುದಿಲ್ಲ. ಮೊದಲು ಆಮ್ಲಜನಕ ತಾಗಿ ಗಂಧಕ ಸಲ್ಫೇಟ್ ಆಗುತ್ತದೆ. ಆಮೇಲೆ ಇಂಗಾಲದ ಡೈಆಕ್ಸೈಡ್ ಇರುವ ನೀರು ಬಂದು ಸಲ್ಫೇಟನ್ನು ಹೊರಗೆ ಕಳಿಸಿ ಕಾರ್ಬೋನೇಟನ್ನು ಕೂರಿಸುತ್ತದೆ. ಹೀಗೆ ಆಗುವುದು ಸೆರುಸೈಟ್. ಇದು ಬರೀ ಸೀಸದ ಕಾರ್ಬೋನೇಟ್, ಅಪರೂಪದ್ದಲ್ಲ. ಸೀಸದ ಗಣಿಗಳ ಮೇಲಿನ ಪದರದಲ್ಲಿ ಪ್ರಪಂಚದಾದ್ಯಂತ ಸಿಗುತ್ತದೆ.

ಕಲ್ಲು ಹೀಗೆ ಮಳೆಯಲ್ಲಿ ಬೇರೆ ಕಲ್ಲಾಗುವುದು ನಮಗೆ ಹೊಸ ವಿಷಯವಲ್ಲ. ನಾವು ಮನೆ ಕಟ್ಟುವ ಮುರಕಲ್ಲು ಆದದ್ದೂ ಹಾಗೆಯೇ. ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುವ ಮಳೆ ಮೂಲ ಶಿಲೆಯಿಂದ ಕರಗುವುದನ್ನೆಲ್ಲ ತೊಳೆದು ಒಯ್ದಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡ್. ಕೋರೆಯಲ್ಲಿ ಕಲ್ಲು ಕಡಿದ ಗೋಡೆಯನ್ನು ನೋಡಿ. ಮೇಲೆ ಗಟ್ಟಿ ಕೆಂಪು ಕಲ್ಲು, ಕೆಳಗೆ ಮೆದು ಜೇಡಿ, ಇನ್ನೂ ಕೆಳಗೆ ಹೋದರೆ ಹಳೆಯ ಕಪ್ಪು ಶಿಲೆ. ಸೀಸದ ಗಣಿಯಲ್ಲೂ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋದರೆ ಮೊದಲು ಕಾರ್ಬೋನೇಟ್, ಆಮೇಲೆ ಸಲ್ಫೇಟ್, ಕೊನೆಗೆ ಹಾಗೇ ಉಳಿದ ಗೆಲಿನಾ ಕಾಣಿಸುತ್ತದೆ.

ಈ ಮೇಲಿನ ಪದರಕ್ಕೆ ಕ್ಲೋರೈಡ್ ಬಂದರೆ? ಆಗ ಫಾಸ್ಜೆನೈಟ್ ಆಗುವ ಅವಕಾಶ ಇದೆ. ಅದರಲ್ಲಿ ಎರಡು ಸೀಸಕ್ಕೆ ಒಂದು ಕಾರ್ಬೋನೇಟ್, ಎರಡು ಕ್ಲೋರೈಡ್. ಸೀಸದ ಕಾರ್ಬೋನೇಟ್ ಅರ್ಧ, ಸೀಸದ ಕ್ಲೋರೈಡ್ ಅರ್ಧ ಎಂದು ಲೆಕ್ಕ ಹಾಕಬಹುದು. ತೊಂದರೆ ಇರುವುದು ಈ ಎರಡನೆಯ ಅರ್ಧದಲ್ಲಿ. ಸೀಸದ ಕ್ಲೋರೈಡ್ ಒಂದು ಲೀಟರ್ ತಣ್ಣೀರಿನಲ್ಲಿ ಸುಮಾರು 10 ಗ್ರಾಂ ಕರಗುತ್ತದೆ. ಸೆರುಸೈಟ್ ಆದರೋ ಒಂದೆರಡು ಮಿಲಿಗ್ರಾಂ, ಅಷ್ಟೇ. ಸುತ್ತಲಿನ ನೀರಿನಲ್ಲಿ ಉಪ್ಪು ಸಾಕಷ್ಟು ಇರುವ ತನಕ ಫಾಸ್ಜೆನೈಟ್ ನೆಮ್ಮದಿಯಿಂದ ಇರುತ್ತದೆ. ಉಪ್ಪು ಕಡಿಮೆಯಾಗಿ ಕಾರ್ಬೋನೇಟ್ ಜಾಸ್ತಿಯಾದ ಕೂಡಲೇ ಕ್ಲೋರೈಡ್ ನೀರಿಗೆ ಇಳಿಯತೊಡಗುತ್ತದೆ, ಅದರ ಜಾಗಕ್ಕೆ ಕಾರ್ಬೋನೇಟ್ ಬರುತ್ತದೆ. ಕೊನೆಗೆ ಉಳಿಯುವುದು ಸೆರುಸೈಟ್.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಪೋಲೆಂಡಿನ ಸಿಲೇಸಿಯಾದಲ್ಲಿ ಫಾಸ್ಜೆನೈಟಿನ ಆಕಾರದಲ್ಲೇ ಇರುವ ಸೆರುಸೈಟ್ ತುಂಡುಗಳು ಸಿಕ್ಕಿವೆ. ಹೊರಗಿನ ಮೂಲೆ, ಅಂಚು ಎಲ್ಲ ಫಾಸ್ಜೆನೈಟಿನದ್ದು. ಒಳಗೆ ಪೂರ್ತಿ ಸೆರುಸೈಟ್. ಅಲ್ಲಿ ಒಂದು ಕಾಲಕ್ಕೆ ಉಪ್ಪುನೀರು ಇತ್ತು, ಆಮೇಲೆ ಹೋಯಿತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಹಾಗಾಗಿ ಇದು ಅಪರೂಪವಾಗಲು ಸಾಮಾನಿನ ಕೊರತೆ ಕಾರಣವಲ್ಲ. ಉಪ್ಪು ಬೇಕು, ಆದರೆ ತೊಳೆದು ಹೋಗಬಾರದು. ಕಾರ್ಬೋನೇಟ್ ಬೇಕು, ಆದರೆ ಮಿತಿಯಲ್ಲಿರಬೇಕು. ಈ ಹದ ಸಿಗುವುದೂ ಕಷ್ಟ, ಸಿಕ್ಕಿದ್ದು ಉಳಿಯುವುದೂ ಕಷ್ಟ. ಕುಂಬಳೆಯ ಕಡಲ ಬದಿಯ ಮನೆಗಳ ಕಿಟಕಿ ಸರಳು ಪೆರ್ಲ, ಬದಿಯಡ್ಕದ ಮನೆಗಳದ್ದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ, ಅಲ್ವಾ? ಕ್ಲೋರೈಡ್ ಗಾಳಿಯಲ್ಲೇ ಬರುತ್ತದೆ ಎಂಬುದಕ್ಕೆ ಅದೇ ಗುರುತು. ಆದರೆ ನನ್ನ ಅಂದಾಜಿನಲ್ಲಿ, ಇಲ್ಲಿ ಸೀಸದ ಅದಿರು ಇದ್ದಿದ್ದರೂ ಗುಡ್ಡದ ಮೇಲೆ ಫಾಸ್ಜೆನೈಟ್ ಬಾಳುತ್ತಿರಲಿಲ್ಲ. ನಮ್ಮ ಮಳೆಗಾಲ ಆ ಉಪ್ಪನ್ನೆಲ್ಲ ತೊಳೆದು ಪುನಃ ಕಡಲಿಗೇ ಸೇರಿಸಿಬಿಡುತ್ತದೆ.

ಹದ ಸಿಕ್ಕಿದ ಜಾಗಗಳಲ್ಲಿ ದೊಡ್ಡ ಹೆಸರು ಇಟಲಿಯ ಸಾರ್ಡೀನಿಯಾ ದ್ವೀಪದ್ದು. ಅಲ್ಲಿನ ಮೊಂತೆಪೋನಿ ಗಣಿಯಿಂದ ಬಂದ, ಹಲವು ಸೆಂಟಿಮೀಟರ್ ಉದ್ದದ ಹರಳುಗಳನ್ನು ಯುರೋಪಿನ ಮ್ಯೂಸಿಯಂಗಳಲ್ಲಿ ಇಟ್ಟಿದ್ದಾರೆ. ಇಂಗ್ಲೆಂಡಿನ ಡರ್ಬಿಶೈರ್‌ನ ಕ್ರಾಮ್‌ಫರ್ಡ್ ಊರಿನ ಹತ್ತಿರವೂ ಸಿಕ್ಕಿದೆ. ನಮೀಬಿಯಾದ ತ್ಸುಮೆಬ್‌ನಲ್ಲೂ ಇದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಗ್ರೀಸಿನ ಲಾವ್ರಿಯೋನ್. ಅಥೆನ್ಸಿನವರು ಸುಮಾರು 2500 ವರ್ಷಗಳ ಹಿಂದೆ ಬೆಳ್ಳಿಗಾಗಿ ಅಗೆದ ಜಾಗ ಇದು. ಕ್ರಿ.ಪೂ. 480ರ ಸಲಾಮಿಸ್ ಯುದ್ಧದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಹಡಗುಗಳಿಗೆ ಹಣ ಬಂದದ್ದು ಈ ಬೆಳ್ಳಿಯಿಂದಲೇ. ಅಲ್ಲಿನ ಬೆಳ್ಳಿ ಇದ್ದದ್ದು ಸೀಸದ ಅದಿರಿನಲ್ಲಿ. ಅದಿರನ್ನು ಕರಗಿಸಿ ಬೆಳ್ಳಿ ತೆಗೆದ ಮೇಲೆ ಉಳಿದ ಕಿಟ್ಟವನ್ನು ಕಡಲಿಗೆ ಸುರಿದರು. ಆ ಕಿಟ್ಟದಲ್ಲಿ ಪೂರ್ತಿ ತೆಗೆಯಲಾಗದ ಸೀಸ ಉಳಿದಿತ್ತು, ಜೊತೆಗೆ ಗುಳ್ಳೆಗಳ ಸಣ್ಣ ಸಣ್ಣ ಪೊಟರೆಗಳೂ ಇದ್ದವು. ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುವ ಕಡಲ ನೀರು ಆ ಪೊಟರೆಗಳಿಗೆ ಹೊಕ್ಕಿತು. ಹೊರಗಿನ ಮಳೆ ಅಲ್ಲಿಗೆ ತಲುಪುವಂತಿರಲಿಲ್ಲ. ಎರಡು ಸಾವಿರ ವರ್ಷಗಳಷ್ಟು ಕಾಲ ಕಳೆದು, 19ನೇ ಶತಮಾನದಲ್ಲಿ ಆ ಕಿಟ್ಟವನ್ನು ಒಡೆದು ನೋಡಿದರೆ ಪೊಟರೆಯೊಳಗೆ ಸೂಜಿಯಂಥ, ಹಾಳೆಯಂಥ ಹರಳುಗಳು. ಅವುಗಳಲ್ಲಿ ಫಾಸ್ಜೆನೈಟ್ ಒಂದು. ಲಾರಿಯೋನೈಟ್ ಇನ್ನೊಂದು. ಎರಡನೆಯದರಲ್ಲಿ ಸೀಸ, ಕ್ಲೋರೈಡ್, ಹೈಡ್ರಾಕ್ಸೈಡ್ ಇವೆ. ಕಾರ್ಬೋನೇಟ್ ಇಲ್ಲ.

ಇಲ್ಲಿಂದ ವರ್ಗೀಕರಣದ ಪ್ರಶ್ನೆಗೆ ಬರೋಣ. ಒಂದೇ ಕಿಟ್ಟ, ಒಂದೇ ಕಡಲು, ಒಂದೇ ಪೊಟರೆ. ಆದರೂ ಖನಿಜಶಾಸ್ತ್ರ ಲಾರಿಯೋನೈಟನ್ನು ಹ್ಯಾಲೈಡ್‌ಗಳ, ಅಂದರೆ ಕ್ಲೋರೈಡಿನಂಥ ಲವಣಗಳ, ವರ್ಗಕ್ಕೆ ಹಾಕುತ್ತದೆ. ಅಡುಗೆ ಉಪ್ಪು ಇರುವುದೂ ಅದೇ ವರ್ಗದಲ್ಲಿ. ಫಾಸ್ಜೆನೈಟನ್ನು ಹಾಕುವುದು ಕಾರ್ಬೋನೇಟ್‌ಗಳ ವರ್ಗಕ್ಕೆ. ಸುಣ್ಣದ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಇರುವುದು ಅಲ್ಲಿ. ಎರಡರಲ್ಲೂ ಸೀಸವೇ ಜಾಸ್ತಿ ಇರುವಾಗ "ಸೀಸದ ಖನಿಜಗಳು" ಅಂತ ಒಂದೇ ಗುಂಪು ಯಾಕೆ ಮಾಡಲಿಲ್ಲ?

ಲೋಹದ ವ್ಯಾಪಾರ ಮಾಡುವವರು ಹಾಗೆಯೇ ಮಾಡುತ್ತಾರೆ. ಅವರಿಗೆ ಅದು ಸರಿ. ಆದರೆ ಖನಿಜಶಾಸ್ತ್ರದ ಕಣ್ಣು ಬೇರೆ. ಗೆಲಿನಾ, ಸೆರುಸೈಟ್, ಲಾರಿಯೋನೈಟ್ ಮೂರರಲ್ಲೂ ಸೀಸ ಇದೆ, ಆದರೆ ಗುಣದಲ್ಲಿ ಒಂದಕ್ಕೊಂದು ಹೋಲುವುದಿಲ್ಲ. ಸೆರುಸೈಟ್‌ಗೆ ಸೀಸವೇ ಇಲ್ಲದ, ಕ್ಯಾಲ್ಸಿಯಂ ಕಾರ್ಬೋನೇಟ್ ಆದ ಅರಗೊನೈಟ್ ಜೊತೆ ಇರುವ ಹೋಲಿಕೆ ಗೆಲಿನಾದ ಜೊತೆ ಇಲ್ಲ. ಹರಳಿನ ರಚನೆ, ಆಮ್ಲಕ್ಕೆ ಕೊಡುವ ಪ್ರತಿಕ್ರಿಯೆ, ಹುಟ್ಟುವ ಜಾಗ ಎಲ್ಲವನ್ನೂ ಹೆಚ್ಚಾಗಿ ನಿರ್ಧರಿಸುವುದು ಋಣ ಅಯಾನು, ಅಂದರೆ ಲೋಹದ ಜೊತೆ ಸೇರಿರುವ ಕಾರ್ಬೋನೇಟ್, ಕ್ಲೋರೈಡಿನಂಥ ಋಣ ವಿದ್ಯುದಂಶದ ಭಾಗ. ಸ್ವೀಡನ್ನಿನ ಬರ್ಜೀಲಿಯಸ್ 19ನೇ ಶತಮಾನದ ಆರಂಭದಲ್ಲೇ ಇದನ್ನು ಗುರುತಿಸಿದ. ಅಮೆರಿಕದ ಜೇಮ್ಸ್ ಡ್ವೈಟ್ ಡೇನಾ ಅದೇ ದಾರಿ ಹಿಡಿದ. ಜರ್ಮನಿಯ ಹ್ಯೂಗೋ ಸ್ಟ್ರುನ್ಸ್ 1941ರಲ್ಲಿ ಅದಕ್ಕೆ ಹರಳಿನ ರಚನೆಯನ್ನೂ ಸೇರಿಸಿ ಪಟ್ಟಿ ಮಾಡಿದ. ಇವತ್ತಿಗೂ ಬಳಕೆಯಲ್ಲಿರುವುದು ಇವರ ದಾರಿಯೇ.

ನಮ್ಮ ಕಡೆ ಅಳಿಯಕಟ್ಟಿನ ಮನೆಗಳಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ತಂದೆಯ ಮನೆತನ ಎಷ್ಟೇ ದೊಡ್ಡದಿರಲಿ, ಮಗುವಿನ ಬಳಿ, ಅಂದರೆ ಕುಲ, ತಾಯಿಯದ್ದು. ಖನಿಜಗಳಲ್ಲಿ ಲೋಹ ತಂದೆಯ ಕಡೆ, ಋಣ ಅಯಾನು ತಾಯಿಯ ಕಡೆ.

ಆದರೆ ಫಾಸ್ಜೆನೈಟಿನಲ್ಲಿ ಋಣ ಅಯಾನುಗಳೇ ಎರಡು ಬಗೆ. ಕಾರ್ಬೋನೇಟ್ ಒಂದಿದೆ, ಕ್ಲೋರೈಡ್ ಎರಡಿವೆ. 100 ಗ್ರಾಂ ಶುದ್ಧ ಫಾಸ್ಜೆನೈಟಿನಲ್ಲಿ ಸೀಸ ಸುಮಾರು 76 ಗ್ರಾಂ, ಕ್ಲೋರೈಡ್ 13, ಕಾರ್ಬೋನೇಟ್ 11. ತೂಕದಲ್ಲೂ ಎಣಿಕೆಯಲ್ಲೂ ಕ್ಲೋರೈಡೇ ಮುಂದೆ. ವಿದ್ಯುದಂಶದ ಲೆಕ್ಕದಲ್ಲಿ ಎರಡೂ ಸಮ. ಹಾಗಿದ್ದರೆ ಹ್ಯಾಲೈಡ್ ಅಂತ ಕರೆಯಬೇಕಿತ್ತಲ್ಲ?

ಇಲ್ಲಿ ತೂಕ ನೋಡುವುದಿಲ್ಲ, ಬಂಧ ನೋಡುತ್ತಾರೆ. ಕಾರ್ಬೋನೇಟ್ ಎಂದರೆ ಒಂದು ಇಂಗಾಲದ ಸುತ್ತ ಮೂರು ಆಮ್ಲಜನಕ, ಚಪ್ಪಟೆಯಾದ ತ್ರಿಕೋನ. ಇಂಗಾಲಕ್ಕೂ ಆಮ್ಲಜನಕಕ್ಕೂ ಇರುವ ಬಂಧ ಆ ಹರಳಿನಲ್ಲೇ ಎಲ್ಲಕ್ಕಿಂತ ಗಟ್ಟಿ. ಕ್ಲೋರೈಡ್ ಒಂಟಿ ಅಯಾನು, ಸೀಸಕ್ಕೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ನೀರು ಬಂದಾಗ ಮೊದಲು ಹೊರಡುವುದೂ ಅದೇ ಎಂದು ಮೇಲೆ ನೋಡಿದೆವು. ಹಾಗಾಗಿ ವರ್ಗ ತೀರ್ಮಾನವಾಗುವುದು ಕಾರ್ಬೋನೇಟಿನಿಂದ. ಕ್ಲೋರೈಡಿಗೆ "ಹೆಚ್ಚುವರಿ ಅಯಾನು" ಎಂಬ ಸ್ಥಾನ. ಸ್ಟ್ರುನ್ಸ್ ಪಟ್ಟಿಯಲ್ಲಿ ಇದರ ಸಂಖ್ಯೆ 5.ಬಿಇ.20. ಮೊದಲ 5 ಎಂದರೆ ಕಾರ್ಬೋನೇಟ್ ವರ್ಗ. ಬಿ ಎಂದರೆ ಹೆಚ್ಚುವರಿ ಅಯಾನು ಇದೆ, ನೀರಿನ ಅಣು ಇಲ್ಲ. ಇ ಎಂದರೆ ಸೀಸ ಅಥವಾ ಬಿಸ್ಮತ್ ಇರುವ ಉಪಗುಂಪು. ಮೊದಲು ನೋಡಿದಾಗ ಗೋಜಲೆನಿಸುವ ಈ ಸಂಖ್ಯೆ ಆ ಖನಿಜದ ಪೂರ್ತಿ ವಿಳಾಸ.

ಹೆಸರಿನ ಬಗ್ಗೆ ಒಂದು ಮಾತು, ಯಾಕೆಂದರೆ ಕೇಳಿದವರು ಹೆದರುತ್ತಾರೆ. ಮೊದಲ ಮಹಾಯುದ್ಧದಲ್ಲಿ ಬಳಸಿದ ಫಾಸ್ಜೀನ್ ಎಂಬ ವಿಷಾನಿಲದಲ್ಲಿ ಇಂಗಾಲ, ಆಮ್ಲಜನಕ, ಕ್ಲೋರಿನ್ ಇವೆ. ಈ ಖನಿಜದಲ್ಲೂ ಅವೇ ಮೂರು ಇವೆ ಎಂದು ಜರ್ಮನಿಯ ಬ್ರೈಟ್‌ಹಾಪ್ಟ್ 1841ರಲ್ಲಿ ಈ ಹೆಸರಿಟ್ಟ. ಖನಿಜದೊಳಗೆ ಆ ಅನಿಲ ಇಲ್ಲ. ಇದರಿಂದ ಅಪಾಯ ಇರುವುದು ಸೀಸದ್ದು.

ಇನ್ನು ಕೈಗೆ ಸಿಕ್ಕಿದರೆ ಗುರುತು ಹಿಡಿಯುವುದು ಹೇಗೆ? ಮೊದಲು ತೂಕ. ಬೆಣಚುಕಲ್ಲು ಅಷ್ಟೇ ಗಾತ್ರದ ನೀರಿಗಿಂತ 2.65 ಪಟ್ಟು ತೂಕ, ಫಾಸ್ಜೆನೈಟ್ ಆರು ಪಟ್ಟಿಗೂ ಸ್ವಲ್ಪ ಜಾಸ್ತಿ. ಗಾಜಿನ ಹಾಗೆ ಕಾಣುವ ತುಂಡು ಅಷ್ಟು ಭಾರ ಇದ್ದರೆ ಅನುಮಾನ ಬರಲೇಬೇಕು. ಬಣ್ಣ ನಂಬುವಂತಿಲ್ಲ. ಬಿಳಿ, ತಿಳಿಹಳದಿ, ಕಂದು, ಕೆಲವೊಮ್ಮೆ ಬಣ್ಣವೇ ಇಲ್ಲ. ಹೊಳಪು ಮಾತ್ರ ವಿಶೇಷ. ಬೆಳಕನ್ನು ಬಾಗಿಸುವ ಅಳತೆ ಕಿಟಕಿ ಗಾಜಿಗೆ ಸುಮಾರು 1.5, ವಜ್ರಕ್ಕೆ 2.42, ಇದಕ್ಕೆ 2.1ರ ಆಸುಪಾಸು. ಅದಕ್ಕೇ ಇದರಲ್ಲಿ ವಜ್ರದ ಛಾಯೆ ಇದೆ. ಆದರೆ ಗಡಸುತನ 1ರಿಂದ 10ರ ಮೋಸ್ ಮಾಪಕದಲ್ಲಿ ಬರೀ 2ರಿಂದ 3. ಚಾಕು ತಾಗಿಸಿದರೆ ಪುಡಿಯಾಗದೆ ಹೆರೆದು ಬರುವ ಗುಣವೂ ಸ್ವಲ್ಪ ಇದೆ. ಆಭರಣಕ್ಕೆ ಆಗುವ ಕಲ್ಲಲ್ಲ. ಹರಳು ಚೌಕ ತಳದ ಕಂಬ. ಮೇಲಿನಿಂದ ನೋಡಿದರೆ ನಾಲ್ಕು ಬದಿಯೂ ಸಮ. ಇದು ಟೆಟ್ರಾಗೋನಲ್ ವ್ಯವಸ್ಥೆ.

ಅಂಗಡಿಗಳಲ್ಲಿ ಖೋಟಾ ನೋಟು ನೋಡುವ ನೇರಳಾತೀತ ದೀಪ ಇರುತ್ತದಲ್ಲ, ಆ ಬಗೆಯ ಬೆಳಕಿನಲ್ಲಿ ಫಾಸ್ಜೆನೈಟ್ ಹೆಚ್ಚಾಗಿ ಹಳದಿಯಾಗಿ ಬೆಳಗುತ್ತದೆ. ಆದರೆ ಸೆರುಸೈಟ್ ಕೂಡ ಎಷ್ಟೋ ಸಲ ಹಳದಿಯಾಗಿಯೇ ಬೆಳಗುವುದರಿಂದ ಅದೊಂದೇ ಸಾಕ್ಷಿ ಸಾಲದು.

ಸರಿಯಾದ ಉತ್ತರ ಕೊಡುವುದು ರಸಾಯನ. ನಮ್ಮ ಪ್ಲಸ್ ಟು ಮಕ್ಕಳು ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಮಾಡುವ ಸಾಲ್ಟ್ ಅನಾಲಿಸಿಸ್ ಇಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ. ಸಾಸಿವೆಯಷ್ಟು ಚೂರನ್ನು ನೀರು ಬೆರೆಸಿದ ನೈಟ್ರಿಕ್ ಆಮ್ಲಕ್ಕೆ ಹಾಕಿದರೆ ಗುಳ್ಳೆ ಏಳುತ್ತದೆ. ಅದು ಕಾರ್ಬೋನೇಟಿನ ಗುರುತು. ಚೂರು ಪೂರ್ತಿ ಕರಗಿ ತಿಳಿ ದ್ರಾವಣ ಉಳಿಯುತ್ತದೆ. ಅದನ್ನು ಎರಡು ಪಾಲು ಮಾಡಬೇಕು. ಒಂದಕ್ಕೆ ಸಿಲ್ವರ್ ನೈಟ್ರೇಟ್ ಹನಿಸಿದರೆ ಬಿಳಿ ಗರಣೆ ಕಟ್ಟುತ್ತದೆ, ಬೆಳಕಿನಲ್ಲಿ ಇಟ್ಟರೆ ಮೆಲ್ಲಗೆ ಕಪ್ಪಾಗುತ್ತದೆ. ಅದು ಕ್ಲೋರೈಡ್. ಇನ್ನೊಂದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದರೆ ಗಾಢ ಹಳದಿ ಬರುತ್ತದೆ. ಅದನ್ನು ಬಿಸಿನೀರಿನಲ್ಲಿ ಕರಗಿಸಿ ತಣಿಯಲು ಬಿಟ್ಟರೆ ಹೊಂಬಣ್ಣದ ಚೂರುಗಳು ಮಿನುಗುತ್ತ ಕೆಳಗಿಳಿಯುತ್ತವೆ. ಅದು ಸೀಸ. ಇಷ್ಟೂ ಬಂದರೆ ಫಾಸ್ಜೆನೈಟ್ ಇರಬಹುದು. ಸಿಲ್ವರ್ ನೈಟ್ರೇಟಿಗೆ ಏನೂ ಬಾರದಿದ್ದರೆ ಸೆರುಸೈಟ್ ಇರಬಹುದು. ನೈಟ್ರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ಚೂರಿನ ಮೇಲೆ ಸೀಸದ ಕ್ಲೋರೈಡಿನ ಬಿಳಿ ಪೊರೆ ಕಟ್ಟಿ ಗುಳ್ಳೆ ನಿಧಾನವಾಗಿ ನಿಂತೇ ಹೋಗುತ್ತದೆ. ಹಾಗಾಗಿ ಕಾರ್ಬೋನೇಟೇ ಅಲ್ಲವೇನೋ ಎಂದು ಮೋಸ ಹೋಗುವ ಸಾಧ್ಯತೆ ಇದೆ. ಇದನ್ನೆಲ್ಲ ಪ್ರಯೋಗಾಲಯದಲ್ಲೇ ಮಾಡಬೇಕು. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗವೇ ಇದೆ. ಕಲ್ಲಿನ ಹುಚ್ಚು ಹಿಡಿದ ಮಕ್ಕಳಿಗೆ ದಾರಿ ದೂರವೇನಿಲ್ಲ.

ಸೀಸದ ಕಾರ್ಬೋನೇಟ್ ಕುಟುಂಬ ಸಣ್ಣದಲ್ಲ. ಸೆರುಸೈಟ್ ಅರಗೊನೈಟ್ ಗುಂಪಿಗೆ ಸೇರುತ್ತದೆ. ಸೀಸದ ಅಯಾನು ಕ್ಯಾಲ್ಸಿಯಂಗಿಂತ ದೊಡ್ಡದು, ಕ್ಯಾಲ್ಸೈಟಿನ ರಚನೆಯಲ್ಲಿ ಹಿಡಿಸುವುದಿಲ್ಲ, ಅರಗೊನೈಟಿನ ರಚನೆಯಲ್ಲಿ ಹಿಡಿಸುತ್ತದೆ. ಮುತ್ತಿನ ಚಿಪ್ಪಿನ ಒಳಗೆ ಹೊಳೆಯುವ ಪದರ ಅದೇ ಅರಗೊನೈಟ್. ಸ್ಕಾಟ್ಲೆಂಡಿನ ಲೆಡ್‌ಹಿಲ್ಸ್‌ನಿಂದ ಹೆಸರು ಪಡೆದ ಲೆಡ್‌ಹಿಲೈಟ್‌ನಲ್ಲಿ ಕಾರ್ಬೋನೇಟ್ ಜೊತೆ ಸಲ್ಫೇಟ್, ಹೈಡ್ರಾಕ್ಸೈಡ್ ಇವೆ. ಅದೇ ಸಾಮಾನು, ಅದೇ ಪ್ರಮಾಣ ಇಟ್ಟುಕೊಂಡು ಹರಳು ಮಾತ್ರ ಬೇರೆಯಾದ ಇನ್ನಿಬ್ಬರು ಸಸೆನೈಟ್, ಮ್ಯಾಕ್‌ಫರ್ಸನೈಟ್. ಹೈಡ್ರೋಸೆರುಸೈಟ್ ಹಳೆಯ ಚಿತ್ರಕಾರರ ಸೀಸದ ಬಿಳಿ ಬಣ್ಣದಲ್ಲಿ ಇತ್ತು. ಪ್ಲಂಬೋನಾಕ್ರೈಟ್ ಎಂಬ ಇನ್ನೂ ಅಪರೂಪದ್ದು ಮೋನಾಲಿಸಾ ಚಿತ್ರದ ತಳಪದರದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರಿನಲ್ಲಿ ಇದೆ ಎಂದು 2023ರಲ್ಲಿ ತಿಳಿಯಿತು.

ಫಾಸ್ಜೆನೈಟ್ ಅಪರೂಪ ಎಂಬ ಸಂಗತಿಯೇ ಒಮ್ಮೆ ಇತಿಹಾಸದ ಸಾಕ್ಷಿಯಾಯಿತು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಪ್ರಾಚೀನ ಈಜಿಪ್ಟಿನ ಕಣ್ಣುಕಪ್ಪಿನ ಪಾತ್ರೆಗಳಿವೆ. ಕ್ರಿ.ಪೂ. 2000ದಿಂದ 1200ರ ನಡುವಿನವು. ಒಳಗೆ ಪುಡಿ ಇನ್ನೂ ಉಳಿದಿತ್ತು. ಫ್ರಾನ್ಸಿನ ಫಿಲಿಪ್ ವಾಲ್ಟರ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೆಲಿನಾ, ಸೆರುಸೈಟ್ ಸಿಕ್ಕಿದ್ದು ಆಶ್ಚರ್ಯವಲ್ಲ. ಜೊತೆಗೆ ಲಾರಿಯೋನೈಟ್, ಫಾಸ್ಜೆನೈಟ್ ಕೂಡ ಇದ್ದವು. ಇಷ್ಟು ಅಪರೂಪದ ಖನಿಜಗಳನ್ನು ಅಷ್ಟು ಪ್ರಮಾಣದಲ್ಲಿ ಅಗೆದು ತರಲು ಸಾಧ್ಯವೇ ಇರಲಿಲ್ಲ. ಹಾಗಾದರೆ ಅವರು ತಯಾರಿಸಿಯೇ ಇರಬೇಕು.

ತಯಾರಿಸುವ ಕ್ರಮವೂ ಗ್ರೀಕ್, ರೋಮನ್ ಕಾಲದ ಬರಹಗಳಲ್ಲಿ ಇತ್ತು. ಸೀಸದ ಆಕ್ಸೈಡನ್ನು ಅರೆದು ಕಲ್ಲುಪ್ಪು, ನೀರು ಸೇರಿಸಬೇಕು. ದಿನಾ ಮೇಲಿನ ನೀರು ಬಸಿದು ಪುನಃ ಹೊಸತು ಹಾಕಬೇಕು. ವಾರಗಟ್ಟಲೆ ಇದೇ ಕೆಲಸ. ಯಾಕೆ ಬಸಿಯಬೇಕು? ಈ ಕ್ರಿಯೆಯಲ್ಲಿ ಕಾಸ್ಟಿಕ್ ಸೋಡಾ ಹುಟ್ಟುತ್ತದೆ. ಅದು ಉಳಿದರೆ ಕ್ರಿಯೆ ಮುಂದೆ ಹೋಗುವುದಿಲ್ಲ. ಬರೀ ಉಪ್ಪು ಹಾಕಿದರೆ ಲಾರಿಯೋನೈಟ್. ಈಜಿಪ್ಟಿನ ಒಣ ಕೆರೆಗಳಲ್ಲಿ ಸಿಗುವ ನೇಟ್ರಾನ್, ಅಂದರೆ ಸೋಡಿಯಂ ಕಾರ್ಬೋನೇಟ್ ಇರುವ ಲವಣ, ಅದನ್ನೂ ಸೇರಿಸಿದರೆ ಫಾಸ್ಜೆನೈಟ್. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಷ್ಟು ಸೂಕ್ಷ್ಮವಾದ ಒದ್ದೆ ರಸಾಯನವನ್ನು ಕೈಯಲ್ಲೇ ನಡೆಸಿದವರ ತಾಳ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಅವರು ಅದನ್ನು ಕಣ್ಣಿನ ರೋಗಕ್ಕೆ ಮದ್ದು ಎಂದೂ ನಂಬಿದ್ದರು. ಅತಿ ಸಣ್ಣ ಪ್ರಮಾಣದ ಸೀಸದ ಅಯಾನು ಚರ್ಮದ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ, ಅದು ಸೋಂಕಿನ ವಿರುದ್ಧ ಸಹಾಯ ಮಾಡಿರಬಹುದು ಎಂದು 2010ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. ಇದನ್ನು ಓದಿ ಸೀಸ ಕಣ್ಣಿಗೆ ಒಳ್ಳೆಯದು ಎಂದು ಯಾರೂ ತಿಳಿಯಬಾರದು. ಅದು ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ನೋಡಿದ್ದು. ಮಗುವಿನ ಮಿದುಳಿಗೆ ಸೀಸ ಮಾಡುವ ಹಾನಿ ಬೇರೆಯೇ ವಿಷಯ. ಇಷ್ಟು ಸೀಸ ಇದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಮ್ಮ ಊರುಗಳಲ್ಲಿ ಮನೆಯಲ್ಲಿ ದೀಪದ ಮಸಿ ಹಿಡಿದು, ತುಪ್ಪ ಸೇರಿಸಿ ಮಾಡುವ ಕಾಡಿಗೆ ಇಂಗಾಲದ್ದು. ಅದಕ್ಕೆ ಸೀಸದ ಪುಡಿ ಹಾಕುವುದಿಲ್ಲ. ಆದರೂ ಹಸುಗೂಸಿನ ಕಣ್ಣಿಗೆ ಬೇಡ ಎಂದೇ ವೈದ್ಯರು ಹೇಳುತ್ತಾರೆ. ಸುರ್ಮದ ವಿಷಯ ಹಾಗಲ್ಲ. ಕೆಲವು ಸುರ್ಮಗಳು ಗೆಲಿನಾ ಅರೆದ ಪುಡಿಯೇ. ಹೊರಗಿನಿಂದ ತಂದ, ಏನೇನು ಹಾಕಿದ್ದಾರೆಂದು ಬರೆಯದ ಸಣ್ಣ ಕುಪ್ಪಿಯಲ್ಲಿ ಯಾವುದಿದೆ ಎಂದು ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸೀಸ ಕಂಡರೆ ಅದು ಎಲ್ಲಿಂದ ಬಂತೆಂದು ಪತ್ತೆ ಮಾಡಿ ನಿಲ್ಲಿಸಬೇಕು ಎನ್ನುತ್ತದೆ ಅದೇ ಸಂಸ್ಥೆಯ 2021ರ ಮಾರ್ಗಸೂಚಿ. ಹಾಗೆ ಪತ್ತೆ ಮಾಡುವಾಗ ಮನೆಯ ಸುರ್ಮದ ಕುಪ್ಪಿಯನ್ನೂ ವೈದ್ಯರಿಗೆ ತೋರಿಸಿ.